ಮಾರಿದ ಬಂದೂಕು, ನಡುವೆ ಒಬ್ಬ ಡೀಲರ್

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಬಂದೂಕು ಕೊಳ್ಳುವುದು ಬಲು ಸುಲಭ ಅಂತ ನಾವೆಲ್ಲ ಕೇಳಿದ್ದೇವೆ. ಅದು ಸುಳ್ಳೇನೂ ಅಲ್ಲ. ಆದರೆ ಅದೇ ಅಮೆರಿಕದಲ್ಲಿ ಒಬ್ಬ ತನ್ನ ಮನೆಯ ಹಳೇ ರೈಫಲನ್ನು ಬೇರೆ ರಾಜ್ಯದ ಒಬ್ಬರಿಗೆ ಮಾರಿ, ಪೆಟ್ಟಿಗೆಗೆ ಹಾಕಿ, ನೇರವಾಗಿ ಅವರ ಮನೆ ವಿಳಾಸಕ್ಕೆ ಕಳಿಸಿದರೆ ಅದು ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧ. ಐದು ವರ್ಷದವರೆಗೂ ಜೈಲಾಗಬಹುದು. ಮಾರುವವನು ಒಳ್ಳೆಯವನೇ, ಕೊಳ್ಳುವವನೂ ಒಳ್ಳೆಯವನೇ, ಬಂದೂಕು ಜಿಂಕೆ ಬೇಟೆಯದ್ದು. ಆದರೂ ಹಾಗೆ ಕಳಿಸುವಂತಿಲ್ಲ. ಇಬ್ಬರ ನಡುವೆ ಲೈಸೆನ್ಸ್ ಇರುವ ಒಬ್ಬ ಡೀಲರ್ ಇರಲೇಬೇಕು. ಈ ಡೀಲರ್ ಯಾಕೆ ಬಂದ, ಅವನ ಅಂಗಡಿಯಲ್ಲಿ ಏನು ನಡೆಯುತ್ತದೆ, ಅಲ್ಲಿಂದಾಚೆಗೆ ಏನು ನಡೆಯುವುದಿಲ್ಲ, ಇದು ಇವತ್ತಿನ ಮಾತು.

ಮೊದಲು ಹೀಗಿರಲಿಲ್ಲ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದೂಕಿನ ಜಾಹೀರಾತು ಬರುತ್ತಿತ್ತು. ಪಕ್ಕದಲ್ಲೇ ಒಂದು ಕೂಪನ್. ಅದನ್ನು ಕತ್ತರಿಸಿ, ಹೆಸರು ವಿಳಾಸ ಬರೆದು, ಮನಿಯಾರ್ಡರ್ ಜೊತೆ ಅಂಚೆಗೆ ಹಾಕಿದರೆ ಮುಗೀತು, ಬಂದೂಕು ಬರುತ್ತಿತ್ತು. 1963ರ ಮಾರ್ಚಿನಲ್ಲಿ ಡಾಲಸ್ ಊರಿನ ಒಬ್ಬ ಶಿಕಾಗೋದ ಕ್ಲೈನ್ಸ್ ಅನ್ನುವ ಅಂಗಡಿಗೆ ಹೀಗೇ ಬರೆದ. ದುರ್ಬೀನು ಕೂಡಿಸಿದ ಇಟಲಿಯ ಹಳೇ ಸೈನ್ಯದ ರೈಫಲ್, ಬೆಲೆ 19 ಡಾಲರ್ 95 ಸೆಂಟ್. ಸಾಗಾಟಕ್ಕೆ ಇನ್ನೊಂದೂವರೆ ಡಾಲರ್. ಕೂಪನ್ನಿನಲ್ಲಿ ಬರೆದ ಹೆಸರು ಎ. ಹಿಡೆಲ್. ವಿಳಾಸ ಒಂದು ಅಂಚೆ ಪೆಟ್ಟಿಗೆಯದ್ದು. ಅವನ ನಿಜವಾದ ಹೆಸರು ಲೀ ಹಾರ್ವಿ ಆಸ್ವಾಲ್ಡ್. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಜಾನ್ ಕೆನಡಿ ಸತ್ತಿದ್ದು ಆ ರೈಫಲ್ಲಿನ ಗುಂಡಿಗೆ.

ಒಂದು ವಿಷಯ ಗಮನಿಸಿ. ಪೊಲೀಸರಿಗೆ ರೈಫಲ್ ಸಿಕ್ಕಿತು, ಅದರ ಮೇಲೆ ಸಿ 2766 ಅನ್ನುವ ನಂಬರು ಇತ್ತು. ಆ ನಂಬರು ಹಿಡಿದು ಎಫ್‌ಬಿಐನವರು ಹೊರಟರು. ಬೆಳಗಾಗುವುದರೊಳಗೆ ಕ್ಲೈನ್ಸ್ ಅಂಗಡಿಯ ಮೈಕ್ರೋಫಿಲ್ಮಿನಲ್ಲಿ ಆ ಆರ್ಡರು ಸಿಕ್ಕಿತು. ಸುಳ್ಳು ಹೆಸರಿಗೆ ಬಂದೂಕು ಸಿಕ್ಕಿದ್ದು ಅಂಚೆಯ ವ್ಯಾಪಾರದಿಂದ, ನಿಜ. ಕೊಂಡವನ ಜಾಡು ಸಿಕ್ಕಿದ್ದೂ ಅದೇ ವ್ಯಾಪಾರದ ಕಾಗದದಿಂದ. ಈ ಎರಡನೆಯ ಮಾತನ್ನು ಜನ ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ.

ಇಷ್ಟು ದೊಡ್ಡ ಘಟನೆ ಆದ ಮೇಲೆ ಕಾನೂನು ಮರುದಿನವೇ ಬಂದಿರಬೇಕು ಅಂದ್ಕೋತೀರಿ ಅಲ್ವಾ? ಇಲ್ಲ. ಕನೆಕ್ಟಿಕಟ್ ರಾಜ್ಯದ ಸೆನೆಟರ್ ಥಾಮಸ್ ಡಾಡ್ ಅಂಚೆ ಬಂದೂಕಿಗೆ ಕಡಿವಾಣ ಹಾಕಬೇಕು ಅಂತ ಕೆನಡಿ ಸಾಯುವ ಮೊದಲೇ ಮಸೂದೆ ಹಿಡಿದು ಓಡಾಡುತ್ತಿದ್ದರು. ಆಮೇಲೂ ವರ್ಷಗಟ್ಟಲೆ ಅದು ಮುಂದಕ್ಕೆ ಹೋಗಲಿಲ್ಲ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ಕೆನಡಿಯವರ ತಮ್ಮ ರಾಬರ್ಟ್, ಇಬ್ಬರೂ ಗುಂಡಿಗೆ ಬಲಿಯಾದರು. ಆಗ ಬಂತು ಕಾನೂನು. ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1968ರ ಅಕ್ಟೋಬರ್ 22ಕ್ಕೆ.

ಆ ಕಾನೂನಿನ ಮುಖ್ಯ ಎಳೆ ಇಷ್ಟೇ. ಲೈಸೆನ್ಸ್ ಇಲ್ಲದ ಒಬ್ಬರು ಬೇರೆ ರಾಜ್ಯದಲ್ಲಿರುವ, ಲೈಸೆನ್ಸ್ ಇಲ್ಲದ ಇನ್ನೊಬ್ಬರಿಗೆ ಬಂದೂಕು ಕೊಡುವಂತಿಲ್ಲ. ಇಲ್ಲಿ ಲೈಸೆನ್ಸ್ ಅಂದರೆ ನಮ್ಮಲ್ಲಿಯಂತೆ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಅಲ್ಲ, ಬಂದೂಕಿನ ವ್ಯಾಪಾರ ಮಾಡಲು ಕೇಂದ್ರ ಸರ್ಕಾರ ಕೊಡುವ ಲೈಸೆನ್ಸ್. ಡೀಲರಿಗೆ ಮಾತ್ರ ಯಾರು ಬೇಕಾದರೂ, ಯಾವ ರಾಜ್ಯದಿಂದ ಬೇಕಾದರೂ ಕಳಿಸಬಹುದು. ವಿನಾಯಿತಿಗಳೂ ಇವೆ. ತಂದೆ ಉಯಿಲು ಬರೆದಿಟ್ಟ ಬಂದೂಕು ಬೇರೆ ರಾಜ್ಯದ ಮಗಳಿಗೆ ನೇರವಾಗಿ ಹೋಗಬಹುದು. 1898ರಲ್ಲೋ ಅದಕ್ಕೂ ಮೊದಲೋ ಮಾಡಿದ ಬಂದೂಕಾದರೆ ಈ ಕಾನೂನಿನ ಲೆಕ್ಕದಲ್ಲಿ ಅದು ಬಂದೂಕೇ ಅಲ್ಲ, ಹಳೇ ಕಾಲದ ವಸ್ತು.

ಸರಿ, ಒಂದು ಉದಾಹರಣೆ ಇಟ್ಟುಕೊಳ್ಳೋಣ. ಓಹಾಯೋದಲ್ಲಿ ಒಬ್ಬರು ತಮ್ಮ ಬೇಟೆ ರೈಫಲ್ ಮಾರಬೇಕು. ಕೊಳ್ಳುವವರು ಟೆಕ್ಸಸ್‌ನಲ್ಲಿ ಸಿಕ್ಕಿದರು. ಬೆಲೆ ಕುದುರಿತು, ದುಡ್ಡು ಬಂತು. ಈಗ ಕೊಳ್ಳುವವರ ಮೊದಲ ಕೆಲಸ, ತಮ್ಮ ಊರಿನ ಡೀಲರ್ ಹತ್ತಿರ ಹೋಗಿ ನನ್ನ ಹೆಸರಿಗೆ ಒಂದು ರೈಫಲ್ ಬರುತ್ತೆ, ಇಸ್ಕೋತೀರಾ ಅಂತ ಕೇಳುವುದು. ಎಲ್ಲ ಡೀಲರ್‌ಗಳೂ ಹೂಂ ಅನ್ನುವುದಿಲ್ಲ. ಕೆಲವರು ಇನ್ನೊಬ್ಬ ಡೀಲರ್ ಕಳಿಸಿದರೆ ಮಾತ್ರ ತಗೋತಾರೆ, ಖಾಸಗಿಯವರಿಂದ ಬೇಡ ಅಂತಾರೆ. ಒಪ್ಪಿದ ಡೀಲರ್ ತನ್ನ ಲೈಸೆನ್ಸಿನ ಪ್ರತಿಯನ್ನು ಮಾರುವವರಿಗೆ ಕಳಿಸುತ್ತಾನೆ. ಮಾರುವವರು ಅದು ಅಸಲಿಯೋ ಅಂತ ಬಂದೂಕು ಇಲಾಖೆಯಾದ ಎಟಿಎಫ್‌ನ ಜಾಲತಾಣದಲ್ಲಿ ನಂಬರು ಹಾಕಿ ನೋಡಬಹುದು. ನೋಡಲೇಬೇಕು ಅಂತ ನಾನು ಹೇಳುತ್ತೇನೆ. ಕಾಗದ ಇದ್ದ ಮಾತ್ರಕ್ಕೆ ಅಂಗಡಿ ಇದೆ ಅಂತೇನಿಲ್ಲ.

ಇನ್ನು ಪ್ಯಾಕಿಂಗ್. ರೈಫಲ್ ಖಾಲಿ ಇರಬೇಕು, ಇದರಲ್ಲಿ ಎರಡು ಮಾತಿಲ್ಲ. ಬೋಲ್ಟ್, ಅಂದರೆ ಗುಂಡನ್ನು ನಳಿಗೆಯೊಳಗೆ ತಳ್ಳಿ ಮುಚ್ಚುವ ಭಾಗವನ್ನು ಬಿಚ್ಚಿ, ಬೇರೆ ಸುತ್ತಿ, ಅದೇ ಪೆಟ್ಟಿಗೆಯಲ್ಲಿಟ್ಟರೆ ಡೀಲರ್ ತೆಗೆದ ಕೂಡಲೇ ಖಾಲಿ ಅನ್ನುವುದು ಕಣ್ಣಿಗೇ ಕಾಣುತ್ತದೆ. ಒಳಗೆ ಗಟ್ಟಿ ಕೇಸು, ಹೊರಗೆ ಸಾದಾ ರಟ್ಟಿನ ಡಬ್ಬ. ಡಬ್ಬದ ಮೇಲೆ ಬಂದೂಕು ಕಂಪನಿಯ ಹೆಸರಾಗಲಿ, ಒಳಗೆ ಇಂಥದ್ದಿದೆ ಅಂತ ಬರಹವಾಗಲಿ ಇರಬಾರದು. ಹೊರಗೆ ಅಂಥ ಚೀಟಿ ಅಂಟಿಸಿ ಅಂತ ಸಾಗಾಟದವರು ಕೇಳುವುದನ್ನೇ ಕಾನೂನು ತಡೆದಿದೆ. ಕಾರಣ ಗೊತ್ತೇ ಇದೆ, ಕಳ್ಳರ ಕಣ್ಣು. ಗುಂಡುಗಳನ್ನು ಜೊತೆಗೆ ಹಾಕಬಾರದು, ಅಂಚೆಯಲ್ಲಂತೂ ಗುಂಡು ಕಳಿಸುವ ಹಾಗೇ ಇಲ್ಲ. ಪೆಟ್ಟಿಗೆಯೊಳಗೆ ಒಂದು ಹಾಳೆ ಬೇಕು. ಅದರಲ್ಲಿ ಕಳಿಸಿದವರ ಗುರುತಿನ ಚೀಟಿಯ ಪ್ರತಿ, ಯಾರಿಗಾಗಿ ಬಂದಿದೆ ಅನ್ನುವ ಹೆಸರು, ಫೋನ್ ನಂಬರು. ಇದಿಲ್ಲದೆ ಬಂದ ಪೆಟ್ಟಿಗೆ ಅಂಗಡಿಯ ಮೂಲೆಯಲ್ಲಿ ಕೂತಿರುತ್ತದೆ. ಯಾರದು, ಯಾರಿಗೆ ಅಂತ ಡೀಲರ್ ತಲೆ ಕೆರೆದುಕೊಳ್ಳಬೇಕು.

ಯಾರ ಕೈಲಿ ಕಳಿಸುವುದು ಅನ್ನುವುದೇ ಈಗಿನ ದೊಡ್ಡ ತಲೆನೋವು. ಸರ್ಕಾರಿ ಅಂಚೆಯಲ್ಲಿ ಖಾಸಗಿ ವ್ಯಕ್ತಿ ಉದ್ದನೆಯ ಬಂದೂಕನ್ನು ಡೀಲರಿಗೆ ಕಳಿಸಬಹುದು. ಪಿಸ್ತೂಲು, ರಿವಾಲ್ವರ್ ಥರ ಬಟ್ಟೆಯೊಳಗೆ ಬಚ್ಚಿಡಬಹುದಾದ ಆಯುಧಕ್ಕೆ 1927ರಲ್ಲೇ ಅಮೆರಿಕದ ಸಂಸತ್ತು ಅಂಚೆಯ ಬಾಗಿಲು ಮುಚ್ಚಿತ್ತು. ಅಂಥವನ್ನು ಜನ ಖಾಸಗಿ ಸಾಗಾಟದಲ್ಲಿ ಕಳಿಸುತ್ತಿದ್ದರು. ಆದರೆ ಯುಪಿಎಸ್, ಫೆಡೆಕ್ಸ್ ಅನ್ನುವ ಎರಡು ದೊಡ್ಡ ಸಾಗಾಟ ಕಂಪನಿಗಳೂ ಈಚಿನ ವರ್ಷಗಳಲ್ಲಿ ತಮ್ಮ ನಿಯಮ ಬಿಗಿ ಮಾಡಿವೆ. ಲೈಸೆನ್ಸ್ ಇದ್ದು, ತಮ್ಮ ಜೊತೆ ಒಪ್ಪಂದ ಮಾಡಿಕೊಂಡವರಿಂದ ಮಾತ್ರ ಬಂದೂಕಿನ ಪಾರ್ಸೆಲ್ ತಗೋತಾರೆ. ಇದು ಕಾನೂನಲ್ಲ, ಕಂಪನಿಯ ನಿಯಮ. ಪರಿಣಾಮ ಮಾತ್ರ ಕಾನೂನಿನಷ್ಟೇ ಗಟ್ಟಿ. ಹಾಗಾಗಿ ಪಿಸ್ತೂಲು ಮಾರುವವರು ಮೊದಲು ತಮ್ಮೂರಿನ ಡೀಲರ್ ಹತ್ತಿರ ಹೋಗುತ್ತಾರೆ. ಅವನು ಆಚೆ ರಾಜ್ಯದ ಡೀಲರಿಗೆ ಕಳಿಸುತ್ತಾನೆ. ಮೊದಲು ಒಬ್ಬ ಡೀಲರ್ ಸಾಕಾಗಿತ್ತು, ಈಗ ಇಬ್ಬರು. ಇಬ್ಬರಿಗೂ ದುಡ್ಡು.

ಈಗ ಟೆಕ್ಸಸ್‌ನ ಅಂಗಡಿಗೆ ಬನ್ನಿ. ಪೆಟ್ಟಿಗೆ ಬಂತು. ಡೀಲರ್ ಮಾರನೆಯ ಕೆಲಸದ ದಿನ ಮುಗಿಯುವುದರೊಳಗೆ ಅದನ್ನು ತನ್ನ ರಿಜಿಸ್ಟರಿಗೆ ಏರಿಸಬೇಕು. ಒಂದು ಉದ್ದ ಸಾಲು. ಎಡಗಡೆ ತಯಾರಿಸಿದವರು, ಮಾದರಿ, ಸೀರಿಯಲ್ ನಂಬರು, ಬಂದೂಕಿನ ಬಗೆ, ಕ್ಯಾಲಿಬರ್ ಅಂದರೆ ನಳಿಗೆಯ ಅಳತೆ. ನಡುವೆ ಬಂದ ತಾರೀಖು, ಕಳಿಸಿದವರ ಹೆಸರು, ವಿಳಾಸ. ಬಲಗಡೆ ಖಾಲಿ. ಆ ಬಲಗಡೆ ತುಂಬುವುದು ಕೊಳ್ಳುವವರು ಬಂದಾಗ. ಅವರು 4473 ಅನ್ನುವ ಫಾರ್ಮು ತುಂಬಬೇಕು. ದೊಡ್ಡ ಅಪರಾಧಕ್ಕೆ ಶಿಕ್ಷೆ ಆಗಿದೆಯಾ, ಮನೆಯವರ ಮೇಲೆ ಹಲ್ಲೆ ಮಾಡಿದ ಪ್ರಕರಣದಲ್ಲಿ ತಪ್ಪಿತಸ್ಥ ಅಂತ ಆಗಿದೆಯಾ, ನಿಜವಾಗಿ ಕೊಳ್ಳುತ್ತಿರುವವರು ನೀವೇನಾ, ಹೀಗೆ ಪ್ರಶ್ನೆಗಳು. ಸುಳ್ಳು ಬರೆದರೆ ಅದೇ ಒಂದು ಅಪರಾಧ.

ಫಾರ್ಮು ಮುಗಿದ ಮೇಲೆ ಡೀಲರ್ ಎಫ್‌ಬಿಐನ ತಪಾಸಣಾ ವ್ಯವಸ್ಥೆಯನ್ನು ಕೇಳುತ್ತಾನೆ. ಇದು 1998ರ ನವೆಂಬರ್‌ನಿಂದ ನಡೆಯುತ್ತಿದೆ, ಕಚೇರಿ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿದೆ. ಉತ್ತರ ಮೂರು ಥರ ಬರಬಹುದು: ಕೊಡಿ, ತಡೀರಿ, ಕೊಡಬೇಡಿ. ಬಹಳ ಸಲ ಕೆಲವೇ ನಿಮಿಷಕ್ಕೆ ಕೊಡಿ ಅಂತ ಬರುತ್ತದೆ. ಕಷ್ಟ ಇರುವುದು ನಡುವಿನ ಉತ್ತರದಲ್ಲಿ. ತಡೀರಿ ಅಂದ ಮೇಲೆ ಮೂರು ಕೆಲಸದ ದಿನ ಏನೂ ಸುದ್ದಿ ಬರಲಿಲ್ಲ ಅಂದರೆ, ಕೇಂದ್ರದ ಕಾನೂನಿನ ಪ್ರಕಾರ ಡೀಲರ್ ಕೊಟ್ಟುಬಿಡಬಹುದು. 2015ರಲ್ಲಿ ಹೀಗೇ ಆಯಿತು. ತಪಾಸಣೆ ಮುಗಿಯುವ ಮೊದಲೇ ದಿನ ಕಳೆಯಿತು, ಬಂದೂಕು ಕೈ ಸೇರಿತು. ಆ ವರ್ಷದ ಜೂನ್ 17ಕ್ಕೆ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಪ್ರಾರ್ಥನೆಗೆ ಕೂತಿದ್ದ ಕಪ್ಪು ಜನಾಂಗದ ಒಂಬತ್ತು ಮಂದಿಯನ್ನು ಆ ಬಂದೂಕು ಕೊಂದಿತು. ಗಡುವು ಇರಲಿ, ಆದರೆ ಗಡುವು ಮೀರಿದರೆ ಕೊಡು ಅನ್ನುವುದು ಯಾವ ನ್ಯಾಯ ಅಂತ ನನಗಂತೂ ಅರ್ಥವಾಗಿಲ್ಲ.

ಇಷ್ಟೆಲ್ಲ ಬಿಗಿ ನೋಡಿ, ಓಹೋ ಎಲ್ಲ ಬಂದೂಕಿನ ಲೆಕ್ಕ ಸರ್ಕಾರದ ಹತ್ತಿರ ಇದೆ ಅಂದುಕೊಳ್ಳಬೇಡಿ. ಇಲ್ಲ. ಯಾರ ಹತ್ತಿರ ಯಾವ ಬಂದೂಕಿದೆ ಅನ್ನುವ ರಾಷ್ಟ್ರಮಟ್ಟದ ಪಟ್ಟಿಯನ್ನು ಸರ್ಕಾರ ಮಾಡಬಾರದು ಅಂತ 1986ರ ಕಾನೂನು ಹೇಳುತ್ತದೆ. ರಿಜಿಸ್ಟರು ಡೀಲರ್ ಅಂಗಡಿಯಲ್ಲೇ ಇರುತ್ತದೆ. ಅಂಗಡಿ ಮುಚ್ಚಿದರೆ ಆ ಪುಸ್ತಕಗಳೆಲ್ಲ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ಗೆ ಹೋಗುತ್ತವೆ. ಅಲ್ಲಿ ಕಾಗದದ ರಾಶಿ ಎಷ್ಟೆಂದರೆ ಕಟ್ಟಡದಲ್ಲಿ ಜಾಗ ಸಾಲದೆ ಹೊರಗೆ ಕಂಟೇನರುಗಳಲ್ಲಿ ಪೆಟ್ಟಿಗೆ ಪೇರಿಸಿದ್ದುಂಟು. ಸ್ಕ್ಯಾನ್ ಮಾಡುತ್ತಾರೆ, ಆದರೆ ಹೆಸರು ಹಾಕಿ ಹುಡುಕುವ ಹಾಗಿಲ್ಲ. ಪುಟ ತಿರುಗಿಸಿಯೇ ನೋಡಬೇಕು.

ಒಂದು ಬಂದೂಕು ಅಪರಾಧದ ಜಾಗದಲ್ಲಿ ಸಿಕ್ಕಿತು ಅಂದರೆ ಹುಡುಕಾಟ ಶುರುವಾಗುವುದು ಕಾರ್ಖಾನೆಯಿಂದ. ಕಾರ್ಖಾನೆ ಸಗಟು ವ್ಯಾಪಾರಿಯನ್ನು ತೋರಿಸುತ್ತದೆ, ಅವನು ಡೀಲರನ್ನು, ಡೀಲರ್ ಮೊದಲು ಕೊಂಡವರನ್ನು. ಸಾಮಾನ್ಯವಾಗಿ ಜಾಡು ನಿಲ್ಲುವುದು ಅಲ್ಲೇ. ಅಂದರೆ ಹೊಸದಾಗಿ ಕೊಂಡಿದ್ದ ನಮ್ಮ ಓಹಾಯೋದವರ ಮನೆ ಬಾಗಿಲಲ್ಲಿ. ಅವರು ಎರಡು ವರ್ಷದ ಹಿಂದೆಯೇ ಟೆಕ್ಸಸ್‌ಗೆ ಕಳಿಸಿದ್ದು ಯಾವ ಕಂಪ್ಯೂಟರಿನಲ್ಲೂ ತಾನಾಗಿ ಕಾಣುವುದಿಲ್ಲ. ಆಗ ಅವರ ಕೈಲಿ ಇರಬೇಕಾದದ್ದು ಡೀಲರಿನ ಲೈಸೆನ್ಸ್ ಪ್ರತಿ, ಅಂಚೆಯ ರಸೀದಿ, ತಲುಪಿದ್ದಕ್ಕೆ ಸಹಿ. ಈ ಮೂರು ಹಾಳೆ ತೋರಿಸಿದರೆ ತನಿಖೆ ಟೆಕ್ಸಸ್‌ನ ಆ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಕೊಂಡವರಿಗೆ. ಇಲ್ಲದಿದ್ದರೆ ನಾನು ಮಾರಿಬಿಟ್ಟೆ ಸ್ವಾಮಿ ಅನ್ನುವ ಬಾಯಿಮಾತು ಅಷ್ಟೇ ಉಳಿಯುತ್ತದೆ. ಡೀಲರ್ ಇಲ್ಲದೆ, ಅದೇ ರಾಜ್ಯದೊಳಗೆ ಮಾರಿದವರ ಪಾಡು ಇನ್ನೂ ಕಷ್ಟ. ಯಾಕೆಂದರೆ ಒಂದೇ ರಾಜ್ಯದ ಇಬ್ಬರು ಖಾಸಗಿಯವರ ನಡುವೆ ಕೇಂದ್ರದ ಕಾನೂನು ತಪಾಸಣೆ ಕೇಳುವುದೇ ಇಲ್ಲ. ಕ್ಯಾಲಿಫೋರ್ನಿಯಾ, ಕೊಲರಾಡೋದಂಥ ರಾಜ್ಯಗಳು ಅದಕ್ಕೂ ಡೀಲರ್ ಬೇಕು ಅಂತ ತಮ್ಮದೇ ಕಾನೂನು ಮಾಡಿಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾಯಲೂ ಬೇಕು.

ನಮ್ಮ ದೇಶದಲ್ಲಿ ದಾರಿಯೇ ಬೇರೆ. ಇಲ್ಲಿ ಲೈಸೆನ್ಸ್ ಇರುವುದು ಇಟ್ಟುಕೊಳ್ಳುವವರಿಗೆ. 1959ರ ಆಯುಧ ಕಾಯಿದೆ ಪ್ರಕಾರ ಒಬ್ಬರು ತಮ್ಮ ಬಂದೂಕನ್ನು ಅರ್ಹತೆ ಇರುವ ಇನ್ನೊಬ್ಬರಿಗೆ ಮಾರಬಹುದು. ಆದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು, ಆಮೇಲೆ 45 ದಿನ ಕಾಯಬೇಕು. ಮಲೆನಾಡಿನ ತೋಟದವರಿಗೆ ಗೊತ್ತು, ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಒಪ್ಪಿಸುವ ಓಡಾಟ. ಕೊಡವರಿಗೆ, ಕೊಡಗಿನಲ್ಲಿ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನು ಹೊಂದಿದವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರ ಅಕ್ಟೋಬರ್ ತನಕ ಕೇಂದ್ರ ಅದನ್ನು ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುವ ಮನೆಗಳವು. ಅಲ್ಲಿ ಯಾರ ಮನೆಯಲ್ಲಿ ಯಾವ ಕೋವಿ ಅನ್ನುವುದು ಊರಿಗೇ ಗೊತ್ತಿರುತ್ತದೆ.

ಕೊನೆಗೆ, ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದಿರಲಿ, ಕೈಲಿ ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಅಪರಾಧ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. 4473 ಫಾರ್ಮಿನಲ್ಲಿ ಈ ಪ್ರಶ್ನೆಯೂ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಆಫೀಸಿನ ಗೆಳೆಯರು ಯಾರೋ ಪ್ರೀತಿಯಿಂದ, ಊರು ಬಿಡ್ತಾ ಇದ್ದೀನಿ, ನನ್ನ ರೈಫಲ್ ನೀನೇ ಇಟ್ಕೋ ಅಂದರೆ ಸುಮ್ನೆ ಹೂಂ ಅನ್ನಬೇಡಿ. ಹತ್ತಿರದ ಡೀಲರ್ ಅಂಗಡಿಗೆ ಇಬ್ಬರೂ ಹೋಗಿ, ನಿಮ್ಮ ವೀಸಾ ಯಾವುದು ಅಂತ ಮೊದಲೇ ಹೇಳಿ ಕೇಳಿ. ನಮಸ್ಕಾರ.