ಬ್ಯಾಡಗಿ ಮೆಣಸಿನಕಾಯಿ ರೇಟು ಕ್ಲಾಸ್‌ರೂಮಿನಲ್ಲೇ ಹುಟ್ಟಿದರೆ?

ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆಯ ಹೈಸ್ಕೂಲ್ ಮೇಡಂ ಒಬ್ಬರು ನಮಗೆ ಮೆಸೇಜ್ ಮಾಡಿದ್ದರು. "ನಮ್ಮ ಕ್ಲಾಸಿನ ಎಷ್ಟೋ ಮಕ್ಕಳ ಮನೆಯಲ್ಲಿ ಮೆಣಸಿನಕಾಯಿ ಬೆಳೀತಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಇವತ್ತು ಡಬ್ಬಿ ತಳಿ ಎಷ್ಟು, ಕಡ್ಡಿ ತಳಿ ಎಷ್ಟು ಅಂತ ಕೇಳಿದರೆ ಥಟ್ಟನೆ ಹೇಳ್ತಾರೆ. ಆ ರೇಟು ಬಂದಿದ್ದು ಎಲ್ಲಿಂದ ಅಂತ ಕೇಳಿದರೆ ಮಾತ್ರ 'ವ್ಯಾಪಾರಸ್ಥರು ಮಾಡತಾರ್ರಿ ಮೇಡಂ' ಅಂದು ಸುಮ್ಮನಾಗ್ತಾರೆ. ಇದನ್ನ ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸೋಕೆ ಆಗುತ್ತಾ?"

ಆಗುತ್ತದೆ. ತುಂಬಾ ಚೆನ್ನಾಗಿ ಆಗುತ್ತದೆ. ಬೇಕಾಗಿರುವುದು ಒಂದಿಷ್ಟು ರಟ್ಟಿನ ಚೀಟಿ, ಒಂದು ಟವೆಲ್ಲು, ಒಂದು ಬೋರ್ಡು.

ಬೇಡಿಕೆ, ಪೂರೈಕೆ ಅಂದರೆ ಏನು ಅಂತ ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ರೇಟು ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ, ಮಾರುವವರು ಜಾಸ್ತಿ ಆಗುತ್ತಾರೆ, ಇದನ್ನು ಗ್ರಾಫಿನಲ್ಲಿ ಎಳೆದರೆ ಎರಡು ಗೆರೆ ಒಂದು ಕಡೆ ಕೂಡುತ್ತವೆ, ಅದೇ ಪುಸ್ತಕ ಹೇಳುವ ರೇಟು. ಇಷ್ಟು ಎಲ್ಲರಿಗೂ ಗೊತ್ತು. ನನ್ನ ತಲೆ ತಿಂದ ಪ್ರಶ್ನೆ ಬೇರೆ. ಆ ಗೆರೆಗಳು ಮಾರುಕಟ್ಟೆಯಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ. ಪಕ್ಕದವನು ಎಷ್ಟಕ್ಕೆ ಬಿಟ್ಟುಕೊಡಲು ತಯಾರಿದ್ದಾನೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಿದ್ದರೂ ರೇಟು ಒಂದು ಜಾಗಕ್ಕೆ ಬಂದು ನಿಲ್ಲುತ್ತದಲ್ವಾ, ಅದು ಹೇಗೆ?

ಇದನ್ನು ಮೊದಲು ಕ್ಲಾಸಿನಲ್ಲಿ ಆಡಿಸಿ ನೋಡಿದವರು ಎಡ್ವರ್ಡ್ ಚೇಂಬರ್ಲಿನ್ ಅಂತ, ಹಾರ್ವರ್ಡ್‌ನ ಪ್ರೊಫೆಸರ್. ಕೆಲವು ವಿದ್ಯಾರ್ಥಿಗಳಿಗೆ ಮಾರುವವರ ಚೀಟಿ, ಕೆಲವರಿಗೆ ಕೊಳ್ಳುವವರ ಚೀಟಿ ಕೊಟ್ಟು, ರೂಮಿನಲ್ಲಿ ಓಡಾಡಿಕೊಂಡು ಚೌಕಾಸಿ ಮಾಡಿ ಅಂದರು. ಪುಸ್ತಕ ಹೇಳಿದ ರೇಟು ಬರಲಿಲ್ಲ. ಹೀಗಾಗಿ ಪುಸ್ತಕದ ಸಿದ್ಧಾಂತ ನಿಜದ ಮಾರುಕಟ್ಟೆಗೆ ಹೊಂದುವುದಿಲ್ಲ ಅಂತ ಅವರು 1948ರಲ್ಲಿ ಬರೆದರು. ಅವರ ಕ್ಲಾಸಿನಲ್ಲಿ ಈ ಆಟ ಆಡಿದವರಲ್ಲಿ ವರ್ನನ್ ಸ್ಮಿತ್ ಅನ್ನುವ ವಿದ್ಯಾರ್ಥಿಯೂ ಇದ್ದ. ಅವನಿಗೆ ಆಗ ಈ ಆಟ ಅಷ್ಟೇನೂ ಹಿಡಿಸಲಿಲ್ಲ. ಮುಂದೆ ಅವನೇ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದ. 1956ರ ಜನವರಿಯಲ್ಲಿ ಅದೇ ಆಟವನ್ನು ತನ್ನ ವಿದ್ಯಾರ್ಥಿಗಳಿಗೆ ಆಡಿಸಿದ, ನಿಯಮ ಮಾತ್ರ ಎರಡು ಬದಲಿಸಿದ. ಚೌಕಾಸಿ ಗುಟ್ಟಾಗಿ ಬೇಡ, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿ. ಮತ್ತೆ ಒಂದೇ ಸಲ ಆಡಿ ನಿಲ್ಲಿಸಬೇಡಿ, ಅದೇ ಚೀಟಿ ಇಟ್ಟುಕೊಂಡು ಮತ್ತೆ ಮತ್ತೆ ಆಡಿ. ರೇಟು ಸುತ್ತಿನಿಂದ ಸುತ್ತಿಗೆ ಪುಸ್ತಕದ ರೇಟಿನ ಹತ್ತಿರ ಹತ್ತಿರ ಬಂತು! 1962ರಲ್ಲಿ ಅದನ್ನು ಪ್ರಕಟಿಸಿದ. 2002ರಲ್ಲಿ ಇಂಥ ಪ್ರಯೋಗಗಳಿಗಾಗಿಯೇ ಅರ್ಥಶಾಸ್ತ್ರದ ನೊಬೆಲ್ ಬಂತು, ಡೇನಿಯಲ್ ಕಾನ್ಮನ್ ಜೊತೆಗೆ.

ಇದನ್ನು ಓದಿದಾಗ ನನಗೆ ಮೊದಲು ನೆನಪಾಗಿದ್ದು ನಮ್ಮ ದನದ ಸಂತೆ. ಹಾವೇರಿ ಕಡೆ ನೋಡಿರುತ್ತೀರಿ, ದಲ್ಲಾಳಿ ಟವೆಲ್ ಮುಚ್ಚಿ ಅದರ ಒಳಗೆ ಬೆರಳು ಹಿಡಿದು ರೇಟು ಹೇಳುತ್ತಾನೆ. ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ. ಚೇಂಬರ್ಲಿನ್ ಆಡಿಸಿದ್ದು ಇದೇ. ಸ್ಮಿತ್ ಆಡಿಸಿದ್ದು ಬಹಿರಂಗ ಸವಾಲು, ಜಾತ್ರೆಯಲ್ಲಿ ತೆಂಗಿನಕಾಯಿ ಸವಾಲಿಗೆ ಇಟ್ಟ ಹಾಗೆ, ಆದರೆ ಇಲ್ಲಿ ಕೊಳ್ಳುವವರೂ ಕೂಗುತ್ತಾರೆ, ಮಾರುವವರೂ ಕೂಗುತ್ತಾರೆ. ಬ್ಯಾಡಗಿ ಎಪಿಎಂಸಿಯಲ್ಲಿ ನಡೆಯುವುದು ಮೂರನೇ ಬಗೆ, ಟೆಂಡರ್. ಪ್ರತಿ ಲಾಟಿಗೂ, ಅಂದರೆ ರೈತ ಮಾರಾಟಕ್ಕಿಟ್ಟ ಪ್ರತಿ ರಾಶಿಗೂ, ಖರೀದಿದಾರರು ತಮ್ಮ ತಮ್ಮ ರೇಟು ಹಾಕುತ್ತಾರೆ, ಇನ್ನೊಬ್ಬ ಎಷ್ಟು ಹಾಕಿದ ಅಂತ ಗೊತ್ತಿರುವುದಿಲ್ಲ, ಜಾಸ್ತಿ ಹಾಕಿದವನಿಗೆ ಲಾಟು. ರೈತನಿಗೆ ರೇಟು ಒಪ್ಪಿಗೆ ಆಗದಿದ್ದರೆ ಕೊಡುವುದಿಲ್ಲ ಅನ್ನಬಹುದು. ಮೂರು ಬಗೆಯ ಮಾರುಕಟ್ಟೆ ನಮ್ಮ ಜಿಲ್ಲೆಯ ಮಕ್ಕಳ ಕಣ್ಣೆದುರೇ ಇದೆ ಅಂದಮೇಲೆ ಇದನ್ನು ಆಡಿಸದೆ ಬಿಡಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ.

[ಸ್ಕ್ರೀನ್ ಮೇಲೆ ಚೀಟಿಗಳು]

ಈಗ ಆಟ. 22 ಮಕ್ಕಳು ಬೇಕು. 11 ಜನ ಮಾರುವವರು, ಅವರ ಚೀಟಿಯ ಮೇಲೆ 100, 120, 140 ಹೀಗೆ 20ರ ಹೆಜ್ಜೆಯಲ್ಲಿ 300ರ ತನಕ ಬರೆಯಿರಿ. ಅದು ಕಿಲೋ ಮೆಣಸಿನಕಾಯಿ ಬೆಳೆಯಲು ಆದ ಖರ್ಚು, ಅದಕ್ಕಿಂತ ಕಡಿಮೆಗೆ ಮಾರುವ ಹಾಗಿಲ್ಲ. ಇನ್ನು 11 ಜನ ಕೊಳ್ಳುವವರು. ಅವರಿಗೂ ಅದೇ ಅಂಕಿಗಳು, 100ರಿಂದ 300. ಅದಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಒಬ್ಬರು ಮಾರುವುದೂ ಒಂದೇ ಕಿಲೋ, ಕೊಳ್ಳುವುದೂ ಒಂದೇ ಕಿಲೋ. ಚೀಟಿ ಯಾರಿಗೂ ತೋರಿಸಬಾರದು. ಚೀಟಿಗೂ ವ್ಯಾಪಾರ ಆದ ರೇಟಿಗೂ ಇರುವ ವ್ಯತ್ಯಾಸವೇ ಅವರ ಲಾಭ.

ಮೊದಲ ಸುತ್ತು ಟವೆಲ್ ಒಳಗೆ. ಮಕ್ಕಳಿಗೆ ಭಾರಿ ಖುಷಿ. ಇಬ್ಬಿಬ್ಬರೇ ಮೂಲೆ ಹಿಡಿದು ನಿಲ್ಲುತ್ತಾರೆ, 280ಕ್ಕೂ ವ್ಯಾಪಾರ ಆಗಬಹುದು, 110ಕ್ಕೂ ಆಗಬಹುದು. 260 ಖರ್ಚಿನ ಹುಡುಗನಿಗೆ 300ರ ಚೀಟಿಯ ಹುಡುಗಿ ಸಿಕ್ಕರೆ ಅವನ ಮಾಲು ಹೋಗುತ್ತದೆ. 100 ರೂಪಾಯಿ ಖರ್ಚಿನವಳು 120ರವನಿಗೇ ಕೊಟ್ಟು ಕೂರುತ್ತಾಳೆ. ಎರಡನೇ ಸುತ್ತಿನಿಂದ ಟವೆಲ್ ತೆಗೆಯಿರಿ. ಎಲ್ಲ ಕೂಗಿ ಹೇಳಬೇಕು, ಕುದುರಿದ ರೇಟು ತಕ್ಷಣ ಬೋರ್ಡಿನ ಮೇಲೆ. ಇದನ್ನು ಮೂರ್ನಾಲ್ಕು ಸಲ ಆಡಿಸಿ. ಬೋರ್ಡಿನ ಮೇಲಿನ ಅಂಕಿಗಳು 200ರ ಸುತ್ತ ಬಂದು ಸೇರುವುದನ್ನು ಮಕ್ಕಳೇ ನೋಡುತ್ತಾರೆ. ಯಾರ ಚೀಟಿಯಲ್ಲೂ 'ರೇಟು 200' ಅಂತ ಬರೆದಿಲ್ಲ. ಯಾವ ವ್ಯಾಪಾರಸ್ಥನೂ ಅದನ್ನು ನಿಗದಿ ಮಾಡಿಲ್ಲ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ, ಸ್ವಲ್ಪ ತಾಳ್ಮೆಯಿಂದ ನೋಡಿ. ಟವೆಲ್ ಸುತ್ತಿನಲ್ಲಿ 100ರ ಮಾರುವವನಿಗೆ 100ರ ಕೊಳ್ಳುವವನು, 120ಕ್ಕೆ 120, 300ಕ್ಕೆ 300, ಹೀಗೇ ಜೋಡಿ ಆಯಿತು ಅಂದುಕೊಳ್ಳಿ. ಎಷ್ಟು ವ್ಯಾಪಾರ? ಹನ್ನೊಂದೂ ಆಯಿತು. ಎಲ್ಲರ ಮಾಲೂ ಖಾಲಿ. ಲಾಭ ಎಷ್ಟು? ಸೊನ್ನೆ. ಇಡೀ ಕ್ಲಾಸಿಗೆ ಸೇರಿ ಒಂದು ರೂಪಾಯಿ ಇಲ್ಲ. ಈಗ ಬಹಿರಂಗ ಸವಾಲಿನಲ್ಲಿ 200ರ ರೇಟಿಗೆ ಬನ್ನಿ. 200 ಅಥವಾ ಅದಕ್ಕಿಂತ ಕಡಿಮೆ ಖರ್ಚಿನ 6 ಜನ ಮಾರುತ್ತಾರೆ, 200 ಅಥವಾ ಜಾಸ್ತಿ ಕೊಡಬಲ್ಲ 6 ಜನ ಕೊಳ್ಳುತ್ತಾರೆ. ಬರೀ ಆರು ವ್ಯಾಪಾರ. ಕ್ಲಾಸಿಗೆ ಒಟ್ಟು ಲಾಭ 600 ರೂಪಾಯಿ. ಬೇಕಿದ್ದರೆ ವಿಡಿಯೋ ನಿಲ್ಲಿಸಿ ಕೂಡಿ ನೋಡಿ, 200, 160, 120, 80, 40, ಕೊನೆಯ ಜೋಡಿಗೆ ಸೊನ್ನೆ. ಮಾರುಕಟ್ಟೆಯಲ್ಲಿ ಗದ್ದಲ ಜಾಸ್ತಿ ಇದ್ದರೆ ಎಲ್ಲರಿಗೂ ಒಳ್ಳೇದಾಗುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಒಂಬತ್ತನೇ ತರಗತಿಯ ಹುಡುಗಿ ಬೋರ್ಡ್ ಮುಂದೆ ನಿಂತು ಅದು ಯಾಕೆ ತಪ್ಪು ಅಂತ ಕೂಡಿ ಕಳೆದು ತೋರಿಸಬಲ್ಲಳು.

ಇಲ್ಲಿಗೇ ಬಿಡಬೇಡಿ. ಮುಂದಿನ ಸುತ್ತಿಗೆ "ಹೊರಗಿನಿಂದ ಲಾರಿ ಬಂತು" ಅಂತ ಹೇಳಿ, 100 ರೂಪಾಯಿ ಖರ್ಚಿನ ಇನ್ನೂ ನಾಲ್ಕು ಮಾರುವವರನ್ನು ಸೇರಿಸಿ. ಆಂಧ್ರದ ಮೆಣಸಿನಕಾಯಿ ಬ್ಯಾಡಗಿಗೆ ಬರುವುದು ಮಕ್ಕಳಿಗೆ ಗೊತ್ತೇ ಇದೆ. ರೇಟು 160ರ ಕಡೆ ಜಾರುತ್ತದೆ. ವ್ಯಾಪಾರ ಆರಿಂದ ಎಂಟಕ್ಕೆ ಏರುತ್ತದೆ. ಕೊಳ್ಳುವವರ ಮುಖ ಅರಳುತ್ತದೆ. ಆದರೆ 180 ಮತ್ತು 200ರ ಚೀಟಿ ಹಿಡಿದ ಇಬ್ಬರು ಈ ಸಲ ಮಾಲು ಹಿಡಿದುಕೊಂಡು ಹಾಗೇ ನಿಂತಿರುತ್ತಾರೆ. ಅವರು ಏನೂ ತಪ್ಪು ಮಾಡಿಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ರೇಟು ಕುಸಿದು ರೈತರು ಸಿಟ್ಟಿಗೆದ್ದಿದ್ದು, ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿದ್ದಿದ್ದು ಇಲ್ಲಿನ ಮಕ್ಕಳು ಮನೆಯಲ್ಲಿ ಕೇಳಿದ ಸುದ್ದಿ. ಆ ದಿನದ ಬಗ್ಗೆ ಮಾತಾಡಬೇಕಿದ್ದರೆ ಈ ಸುತ್ತಿನ ನಂತರವೇ ಮಾತಾಡಿ. ಮಕ್ಕಳು ಸುಮ್ನೆ ಯಾರನ್ನೋ ಬಯ್ಯುವುದಿಲ್ಲ, ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಾರೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟ ಮಾಲು ಯಾವಾಗ ಹೊರಗೆ ಬರುತ್ತದೆ? ಇವತ್ತು ಮಾರದೆ ಇಟ್ಟುಕೊಳ್ಳುವ ಶಕ್ತಿ ಯಾರಿಗಿದೆ? ಕೊನೆಗೆ ಒಂದು ಸುತ್ತು ಟೆಂಡರ್ ಆಡಿಸಿ, ಗುಟ್ಟಾಗಿ ಚೀಟಿಯಲ್ಲಿ ರೇಟು ಬರೆದು ಡಬ್ಬಕ್ಕೆ ಹಾಕುವುದು. 300 ಕೊಡಬಲ್ಲವನು 300 ಬರೆಯುವುದಿಲ್ಲ, ಯಾಕೆ ಅಂತ ಅವನನ್ನೇ ಕೇಳಿ.

ಎರಡನೇ ಪ್ರಾಜೆಕ್ಟ್ ಮಕ್ಕಳ ಸಂತೆ. ಇದು ನಮ್ಮ ಶಾಲೆಗಳಲ್ಲಿ ಆಗಲೇ ನಡೆಯುತ್ತದೆ. ಸೊಪ್ಪು ಬರುತ್ತದೆ, ತರಕಾರಿ ಬರುತ್ತದೆ, ಶಾಲಾ ಸಮಿತಿಯ (ಎಸ್‌ಡಿಎಂಸಿ) ಜನ ಬರುತ್ತಾರೆ, ಫೋಟೋ ಆಗುತ್ತದೆ, ಮಧ್ಯಾಹ್ನಕ್ಕೆ ಮುಗಿಯುತ್ತದೆ. ನನ್ನ ತಕರಾರು ಒಂದೇ. ನಿಜವಾದ ಪಾಠ ಮರುದಿನ ಇರುತ್ತದೆ, ಆ ಪೀರಿಯಡ್ ಮಾತ್ರ ಯಾರೂ ಇಡುವುದಿಲ್ಲ.

ಒಂದು ಗಿರ್ಮಿಟ್ ಅಂಗಡಿ ತಗೊಳ್ಳಿ. ನಾಲ್ಕು ಮಕ್ಕಳು, ಪ್ಲೇಟಿಗೆ 15 ರೂಪಾಯಿ, 60 ಪ್ಲೇಟ್ ಖರ್ಚಾಯಿತು, 900 ರೂಪಾಯಿ ಬಂತು. ಚುರುಮುರಿ, ಉಳ್ಳಾಗಡ್ಡಿ, ಕೊತ್ತಂಬರಿಗೆ 380 ಕೊಟ್ಟಿದ್ದರು. ಲಾಭ 520, ಮಕ್ಕಳು ಕುಣಿಯುತ್ತಾರೆ. ಮರುದಿನ ಮೇಡಂ ಕೇಳಬೇಕು, ಎಣ್ಣೆ ಎಲ್ಲಿಂದ ಬಂತು? "ಮನಿಯಿಂದ ತಂದ್ವಿರಿ." ಪುಟಾಣಿ ಹಿಟ್ಟು, ಹುಣಸೆಹಣ್ಣು, ಬೆಲ್ಲ? ಅದೂ ಮನೆಯದೇ. ಅದಕ್ಕೆ ಅಂಗಡಿ ರೇಟು ಹಾಕಿದರೆ 210 ಆಗುತ್ತದೆ ಅಂತ ಇಟ್ಟುಕೊಳ್ಳಿ. ಲಾಭ 310ಕ್ಕೆ ಇಳಿಯಿತು. ನಾಲ್ಕು ಜನ ಐದೈದು ತಾಸು ದುಡಿದಿದ್ದಾರೆ, ಅಂದರೆ 20 ತಾಸು. ತಾಸಿಗೆ ಹದಿನೈದೂವರೆ ರೂಪಾಯಿ. ಇನ್ನೂ ಅವ್ವ ಬೆಳಿಗ್ಗೆ ಎದ್ದು ಒಗ್ಗರಣೆ ಹಾಕಿಕೊಟ್ಟಿದ್ದು ಲೆಕ್ಕಕ್ಕೇ ಬಂದಿಲ್ಲ! ಆ ಸಾಲನ್ನು ಖಾಲಿ ಬಿಡಿಸಬೇಡಿ. "ಅವ್ವನ ಕೆಲಸ, ಎರಡು ತಾಸು" ಅಂತ ಬರೆಸಿ, ಮುಂದೆ ಎಷ್ಟು ರೂಪಾಯಿ ಹಾಕಬೇಕು ಅಂತ ಮಕ್ಕಳೇ ವಾದ ಮಾಡಲಿ. ಹೊಲದಲ್ಲಿ ಮನೆಯವರೇ ದುಡಿದರೆ ಬೆಳೆಯ ಖರ್ಚು ಹೇಗೆ ಹಿಡಿಯಬೇಕು ಅನ್ನುವ ದೊಡ್ಡ ಚರ್ಚೆಯೂ ಇದೇ ಸಾಲಿನ ಮೇಲೆ ನಿಂತಿದೆ. ನನ್ನ ಪ್ರಕಾರ ಇಡೀ ವರ್ಷದಲ್ಲಿ ಒಂದೇ ಅರ್ಥಶಾಸ್ತ್ರದ ಪೀರಿಯಡ್ ಸಿಕ್ಕಿದರೂ ಅದು ಇದೇ ಆಗಿರಬೇಕು.

[ಟೈಮ್ ನೋಡಿದರೆ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ]

ಗದಗ ಕಡೆಯ ಶಾಲೆಗಳಿಗೆ ಕಣಗಿನಹಾಳ ಪಕ್ಕದಲ್ಲೇ ಇದೆ. 1904ರಲ್ಲಿ ಸಹಕಾರಿ ಸಂಘಗಳ ಕಾನೂನು ಬಂತು, 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ದೇಶದಲ್ಲೇ ಮೊದಲನೆಯದು. ಹಣ ಮತ್ತು ಸಾಲದ ಪಾಠ ಮಾಡುವಾಗ ಕ್ಲಾಸಿನಲ್ಲೇ ಒಂದು ಪುಟ್ಟ ಸಂಘ ಮಾಡಿ. ತಲೆಗೆ 10 ರೂಪಾಯಿ ಷೇರು, ಸಂತೆಯ ಅಂಗಡಿಗೆ ಸಾಲ ಕೊಡುವುದು ಅದೇ ಸಂಘ, ಜಾಮೀನು ಯಾರು, ಬಡ್ಡಿ ಎಷ್ಟು, ವಾಪಸ್ ಬರದಿದ್ದರೆ ಏನು ಮಾಡಬೇಕು, ಎಲ್ಲ ಸಭೆಯಲ್ಲಿ ತೀರ್ಮಾನ ಆಗಿ ಠರಾವು ಬರೆಯಬೇಕು. ಹುಬ್ಬಳ್ಳಿಯವರಿಗೆ ಬೆಂಗೇರಿ ಇದೆ, ಖಾದಿ ರಾಷ್ಟ್ರಧ್ವಜ ತಯಾರಾಗುವ ಜಾಗ. 2021ರ ಡಿಸೆಂಬರ್ ಕೊನೆಯಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಸಿಕ್ಕಿತು. ಸರ್ಕಾರದ ಒಂದು ತಿದ್ದುಪಡಿ ನೂಲುವವರ, ನೇಯುವವರ, ಹೊಲಿಯುವವರ ಕೈಗೆ ಬರುವ ಕೂಲಿಯನ್ನು ಹೇಗೆ ಮುಟ್ಟುತ್ತದೆ ಅಂತ ಮಕ್ಕಳು ಅನುಮತಿ ತಗೊಂಡು ಹೋಗಿ ಕೇಳಿ ಬರೆದುಕೊಂಡು ಬರಲಿ.

ಅಂಕದ ಚಿಂತೆ ಇರುವವರಿಗೆ ಒಂದು ಮಾತು. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ 80 ಅಂಕ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈ ಚಟುವಟಿಕೆಗಳನ್ನು ಆ 20ರ ಒಳಗೇ ಕೂರಿಸಬಹುದು. ಚೀಟಿ ಆಟದಲ್ಲಿ ನಿಜವಾದ ದುಡ್ಡು ಬೇಡವೇ ಬೇಡ. ಬ್ಯಾಡಗಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಿದ್ದರೆ ಮೊದಲೇ ಎಪಿಎಂಸಿಗೆ ಪತ್ರ ಕೊಡಿ, ಹಮಾಲರು ಚೀಲ ಹೊತ್ತು ಓಡಾಡುವ ದಾರಿಯಲ್ಲಿ ನಿಲ್ಲಿಸಬೇಡಿ, ಘಾಟಿಗೆ ಮೂಗು ಮುಚ್ಚಲು ಕರ್ಚೀಫ್ ಇರಲಿ. ಸೀಸನ್ ಜೋರಾಗುವುದು ಜನವರಿ ದಾಟಿದ ಮೇಲೆ, ಆಗ ಹತ್ತನೆಯವರು ಪರೀಕ್ಷೆಯ ತಯಾರಿಯಲ್ಲಿ ಇರುತ್ತಾರೆ. ಅದಕ್ಕೆ ಒಂಬತ್ತನೆಯವರನ್ನೇ ಕರೆದುಕೊಂಡು ಹೋಗಿ. ಆಟಕ್ಕೆ ಬೇಕಾದ 26 ಚೀಟಿಗಳ ಪಟ್ಟಿಯನ್ನು ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ. ಆಡಿಸಿದ ಮೇಲೆ ನಿಮ್ಮ ಬೋರ್ಡಿನ ಫೋಟೋ ಕಳಿಸಿ, ರೇಟು 200ಕ್ಕೆ ಬಾರದೇ ಹೋದರೆ ಖಂಡಿತ ಕಳಿಸಿ, ಯಾಕೆ ಬರಲಿಲ್ಲ ಅಂತ ಮುಂದಿನ ವಿಡಿಯೋದಲ್ಲಿ ಕೂತು ನೋಡೋಣ.