ಶುಭಾಶಯ ಸಾಕು, ರೇಟ್ ಹೇಳಿ

ನಮಸ್ಕಾರ. ಬಾಗಲಕೋಟೆಯ ನವನಗರದಿಂದ ಮಾತಾಡುತ್ತಿದ್ದೇನೆ. ಹಿಂದೆ ಕೂಲರ್ ಸಪ್ಪಳ ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ, ಇಲ್ಲಿನ ಬಿಸಿಲು ನಿಮಗೆ ಗೊತ್ತೇ ಇದೆ.

ಇವತ್ತಿನ ಮಾತು ಸ್ವಲ್ಪ ಖಾರ. ವ್ಯಾಪಾರ ಮಾಡುವ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಆಸರೆಯಾಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಮಾರ್ಚ್ 8 ಬಂತೆಂದರೆ ಶಾಲು, ಹಾರ, ಗುಂಪು ಫೋಟೊ. ವಾಟ್ಸಾಪ್ ಗ್ರೂಪ್ ತುಂಬ ಹೂವಿನ ಚಿತ್ರ. ಅದೇ ಗ್ರೂಪಿನಲ್ಲಿ ಯಾರಾದರೂ "ಅಕ್ಕಾರ, ಪ್ಯಾಕಿಂಗ್ ಕವರ್ ಎಲ್ಲಿಂದ ತರ್ತೀರಿ? ಕಿಲೋಕ್ಕ ಹೆಂಗ ಬೀಳ್ತದ?" ಅಂತ ಕೇಳಲಿ ನೋಡೋಣ. ಎಲ್ಲರೂ ಗಪ್‌ಚುಪ್. ನೀಲಿ ಟಿಕ್ ಮಾತ್ರ ಬೀಳುತ್ತೆ. ಆ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೋ, ನನ್ನ ಲೆಕ್ಕದಲ್ಲಿ ಆಸರೆ ಅಂದರೆ ಅವರು.

"ಹೆಣ್ಣಿಗೆ ಹೆಣ್ಣೇ ವೈರಿ, ಅದಕ್ಕೇ ಹೀಗೆ" ಅಂತ ತಕ್ಷಣ ಯಾರೋ ಷರಾ ಬರೆಯುತ್ತಾರೆ. ನಾನು ಒಪ್ಪೋದಿಲ್ಲ. ಗಂಡಸರು ರೇಟ್ ಮುಚ್ಚಿಡುವುದಿಲ್ವಾ? ಚೆನ್ನಾಗಿಯೇ ಮುಚ್ಚಿಡುತ್ತಾರೆ. ಆದರೆ ಅವರಿಗೆ ಎಪಿಎಂಸಿಯ ಅಡತಿ ಅಂಗಡಿ ಇದೆ, ಚಹಾದಂಗಡಿ ಇದೆ. ಅರ್ಧ ಕಪ್ ಚಹಾ ಮುಗಿಯುವಷ್ಟರಲ್ಲಿ ಯಾವ ಪಾರ್ಟಿ ಸರಿಯಾಗಿ ದುಡ್ಡು ಕೊಡುತ್ತೆ, ಯಾವುದು ಸತಾಯಿಸುತ್ತೆ, ಯಾವ ಬ್ಯಾಂಕಿನಲ್ಲಿ ಸಾಲದ ಫೈಲ್ ಬೇಗ ಸರಿಯುತ್ತೆ, ಎಲ್ಲ ಕಿವಿಗೆ ಬೀಳುತ್ತೆ. ಕೇಳಬೇಕಂತಲೇ ಇಲ್ಲ. ಆ ಹೊತ್ತಿಗೆ ನಾವು ಒಲೆ ಮುಂದೆ ಇರುತ್ತೇವೆ. ಅದರ ಮೇಲೆ ನಮ್ಮೂರಿನ ಕಥೆ ಬೇರೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳು ಹೋದವು, ಜನ ನವನಗರದ ಸೆಕ್ಟರ್‌ಗಳಿಗೆ ಚದುರಿದರು. ಮೊದಲು ಬಾಗಿಲ ಕಟ್ಟೆಯ ಮೇಲೆ ತಾನಾಗಿ ಸಿಗುತ್ತಿದ್ದ ಸುದ್ದಿಗೆ ಈಗ ಫೋನ್ ಮಾಡಬೇಕು.

ಹೀಗೆ ಸುದ್ದಿ ಸಿಗದಿದ್ದರೆ ಎಷ್ಟು ಲುಕ್ಸಾನು ಅಂತ ಖಡಕ್ ರೊಟ್ಟಿಯಲ್ಲಿ ನೋಡಿ. ಜೋಳ, ಗಿರಣಿ, ಗ್ಯಾಸ್, ಬಡಿಯಲು ಬರುವವರ ಕೂಲಿ, ಇಷ್ಟನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ. ಪಾರ್ಸೆಲ್‌ನಲ್ಲಿ ಮುರಿದ ರೊಟ್ಟಿ ಯಾರ ಲೆಕ್ಕ? ಮೊಬೈಲ್ ಕರೆನ್ಸಿ? ಬಸ್ ಸ್ಟ್ಯಾಂಡಿಗೆ ಡಬ್ಬಿ ಮುಟ್ಟಿಸುವ ಆಟೋ? ಕೊನೆಗೆ, ನಸುಕಿನಲ್ಲಿ ಎದ್ದು ಹಿಟ್ಟು ನಾದುವ ಯಜಮಾನತಿಯ ಪಗಾರ? ಇದನ್ನು ಕೇಳಿದರೆ ನಗುತ್ತಾರೆ. "ನಾ ಮನ್ಯಾಗ ಇರಾಕಿ, ನನಗ್ಯಾತರ ಪಗಾರ್ರೀ?" ಹಾಗೆ ತನ್ನ ಕೂಲಿ ಬಿಟ್ಟು ಒಬ್ಬಳು ರೊಟ್ಟಿಗೆ ಏಳು ರೂಪಾಯಿ ಹೇಳುತ್ತಾಳೆ ಅಂದುಕೊಳ್ಳಿ. ಮದುವೆ ಅಡುಗೆಯ ಕಾಂಟ್ರಾಕ್ಟರ್ ಮುಂದಿನ ಸೆಕ್ಟರ್‌ನವಳಿಗೆ ಫೋನ್ ಮಾಡಿ, "ಆಕಿ ಆರಕ್ಕ ಕೊಡಾಕತ್ಯಾಳ" ಅಂತ ಸುಳ್ಳು ಹೇಳುತ್ತಾನೆ. ಈಕೆ ಐದೂವರೆಗೆ ಇಳಿಯುತ್ತಾಳೆ. ಆಮೇಲೆ ಮೊದಲನೆಯವಳಿಗೆ ಇನ್ನೊಂದು ಫೋನ್. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ಒಂದು ಸಲವೂ ಮುಖ ನೋಡಿಲ್ಲ. ಒಂದು ತಾಸು ನೋಟ್‌ಬುಕ್ ಹಿಡಿದು ಇಬ್ಬರೂ ಎದುರುಬದುರು ಕೂತು ಖರ್ಚು ಬರೆದರೆ ಆ ಮನುಷ್ಯನ ಆಟ ಮುಗಿಯಿತು. ದೊಡ್ಡ ಆರ್ಡರ್ ಬಂದಾಗ ಅರ್ಧರ್ಧ ಹಂಚಿಕೊಳ್ಳುವ ದಾರಿಯೂ ಅಲ್ಲೇ ಸಿಗುತ್ತೆ.

ನನ್ನ ಕಸುಬು ಲೆಕ್ಕ ಬರೆಯೋದು, ಜಿಎಸ್‌ಟಿ ರಿಟರ್ನ್ ತುಂಬೋದು. ಕಾಗದದ ಮೇಲೆ ನಮ್ಮ ಕಡೆ ಉದ್ಯಮಿ ಹೆಂಗಸರು ಬಹಳ. ಲಾಗಿನ್ ಮಾಡುವಾಗ "ವೈನಿ, ಓಟಿಪಿ ಬಂತಾ?" ಅಂದರೆ, "ತಡೀರಿ, ನಮ್ಮವರಿಗೆ ಫೋನ್ ಹಚ್ತೀನಿ" ಅನ್ನುತ್ತಾರೆ. ಫರ್ಮ್ ಅವರದು, ಸಹಿ ಅವರದು, ನಂಬರ್ ಗಂಡನದು. ವರ್ಷದ ವಹಿವಾಟು ಎಷ್ಟು ಅಂತ ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ಇಂಥವರಿಗೆ "ಮೊದಲು ನಿನ್ನ ನಂಬರ್ ಕೊಡು ತಂಗಿ" ಅಂತ ಹೇಳಬೇಕಾದವರು ನಾವೇ, ಅಲ್ವಾ? ನಾನು ಹೇಳುತ್ತೇನೆ. ಕೆಲವು ಗಂಡಂದಿರಿಗೆ ನನ್ನನ್ನು ಕಂಡರೆ ಆಗೋದಿಲ್ಲ. ಆಗದಿದ್ದರೆ ಇರಲಿ.

ಯಾಕಂದರೆ ಹೆಸರಿಗೆ ಬೆಲೆ ಇದೆ. ಕೇಂದ್ರ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ವರ್ಷದ ಖರೀದಿಯಲ್ಲಿ ಶೇ. 3ರಷ್ಟನ್ನು ಮಹಿಳೆಯರ ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ತೆಗೆದುಕೊಳ್ಳಬೇಕು ಅಂತ 2018ರಲ್ಲಿ ನಿಯಮ ಬಂತು. ಕಿರು, ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಒಂದು ಪೈಸೆ ಫೀ ಇಲ್ಲ. ಇದು ಗೊತ್ತಿರುವವಳು ಗೊತ್ತಿಲ್ಲದವಳಿಗೆ ಹೇಳೋಕೆ ಎರಡು ನಿಮಿಷ ಸಾಕು. ಹೇಳಿದರೆ ತನ್ನ ಟೆಂಡರಿಗೆ ಇನ್ನೊಬ್ಬಳು ಬಂದಾಳು ಅನ್ನೋ ಅಂಜಿಕೆ, ಅದು ನನಗೆ ಅರ್ಥ ಆಗುತ್ತೆ. ಬರಲಿ ಬಿಡಿ. ಒಬ್ಬಳೇ ಇದ್ದರೆ ಆಫೀಸಿನವರು ಪದೇಪದೇ ಅಲೆದಾಡಿಸುತ್ತಾರೆ. ಮೂರ್ನಾಲ್ಕು ಜನ ಒಟ್ಟಿಗೆ ಹೋಗಿ ನಿಂತರೆ ಕುರ್ಚಿ ತೋರಿಸುತ್ತಾರೆ.

ಇನ್ನು ಉದ್ರಿ ಬಾಕಿಯ ವಿಷಯ. ಇದು ನಮ್ಮೊಳಗಿನ ಹುಳುಕು, ಮುಚ್ಚಿಡೋದು ಬೇಡ. ಗುಳೇದಗುಡ್ಡದ ಖಣ ಈಗ ಕುಪ್ಪಸಕ್ಕಷ್ಟೇ ಅಲ್ಲ, ಪರ್ಸು, ಬ್ಯಾಗು, ಫೈಲು ಎಲ್ಲ ಆಗಿದೆ. ಬ್ಯಾಗ್ ಹೊಲಿಯುವ ನಮ್ಮೂರಿನ ಹೆಣ್ಣುಮಗಳು ಅಲ್ಲಿನ ನೇಕಾರ ಮನೆಯ ಹೆಣ್ಣುಮಗಳಿಂದ ನೇರವಾಗಿ ಖಣ ತರುತ್ತಾಳೆ. ಕೇಳೋಕೆ ಬಹಳ ಚಂದ. ಆದರೆ ದುಡ್ಡು? "ನಮ್ಮಾಕಿನೇ ಅಲ್ಲ, ಮುಂದಿನ ತಿಂಗಳು ಕೊಟ್ಟರಾಯ್ತು." ಗಂಡಸು ವ್ಯಾಪಾರಿಯ ಮುಂದೆ ಹೀಗೆ ಉದ್ರಿ ಹೇಳುವ ಧೈರ್ಯ ನಮಗೆ ಇರೋದಿಲ್ಲ. ಗೆಳತಿಯ ಹತ್ತಿರ ಡಿಸ್ಕೌಂಟ್ ಬೇರೆ. ನೋಂದಣಿ ಮಾಡಿಸಿದ ಕಿರು ಉದ್ದಿಮೆಯವರಿಂದ ಮಾಲು ತಗೊಂಡರೆ, ಮಾತು ಏನೇ ಆಗಿರಲಿ, 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಸಣ್ಣ ಉದ್ದಿಮೆಗಳ 2006ರ ಕಾಯ್ದೆಯೇ ಹೇಳುತ್ತೆ. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಅಲ್ಲಿ ಮಗ್ಗದ ಪಕ್ಕ ನೂಲಿನ ಕಂಡಿಕೆ ಸುತ್ತುತ್ತಾ ಕೂತವಳಿಗೆ ನಮ್ಮ ಹೂವಿನ ಚಿತ್ರದಿಂದ ನೂಲು ಬರೋದಿಲ್ಲ.

ಸಂಘಗಳ ಬಗ್ಗೆಯೂ ಒಂದು ಮಾತು. ಕೃಷಿ, ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿತು. ನಮ್ಮ ರಾಜ್ಯದಲ್ಲಿ 2000ರ ಹೊತ್ತಿಗೆ ಸ್ತ್ರೀಶಕ್ತಿ ಸಂಘಗಳೂ ಬಂದವು. ಕಂತು ಕಟ್ಟಲಾಗದವಳ ಕಂತನ್ನು ಉಳಿದವರು ತುಂಬಿದ್ದು ನೀವೂ ನೋಡಿರುತ್ತೀರಿ. ಬಿದ್ದವಳನ್ನು ಎತ್ತೋದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಅದೇ ಸಂಘದ ಒಬ್ಬಳು ಹತ್ತು ಲಕ್ಷದ ಸಾಲಕ್ಕೆ ಅರ್ಜಿ ಹಾಕಿ, ಮಷೀನ್ ತಂದು, ನಾಲ್ಕು ಜನರಿಗೆ ಪಗಾರ ಕೊಡೋಕೆ ಹೊರಟಳು ಅನ್ನಿ. "ಆಕಿಗೆ ಸೊಕ್ಕು ಬಂದೈತಿ" ಅಂತ ಶುರು. ಸೊಕ್ಕು ಬಂದಿದ್ದರೂ ಬಂದಿರಲಿ ಮಾರಾಯ್ರೆ! ಆಕೆಯ ಪ್ಯಾಕಿಂಗ್ ಕೆಲಸ ಯಾರಿಗೆ ಸಿಗುತ್ತೆ? ಸಂಘದವರಿಗೇ ತಾನೇ?

ಸರಿ, ಮಾತು ಜಾಸ್ತಿ ಆಯ್ತು. ಮುಂದಿನ ಕಂತಿನಲ್ಲಿ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಖರ್ಚು ಸಾಲುಸಾಲಾಗಿ ಬರೆದು ತೋರಿಸುತ್ತೇನೆ, ಯಜಮಾನತಿಯ ಪಗಾರ ಸೇರಿಸಿ. ಜಮಖಂಡಿ, ಮುಧೋಳ, ಇಳಕಲ್, ಬಾದಾಮಿ ಕಡೆಯವರು ನಿಮ್ಮ ಜೋಳದ ರೇಟು, ಕವರಿನ ರೇಟು, ಪಾರ್ಸೆಲ್ ಖರ್ಚು ಬರೆದು ಕಳಿಸಿ. ಹೆಸರು ಬೇಡ ಅಂದರೆ ಹೆಸರು ಹೇಳೋದಿಲ್ಲ. ಡಿಸ್ಕೌಂಟ್ ಕೇಳುವವರು ಮಾತ್ರ ದಯವಿಟ್ಟು ಫೋನ್ ಮಾಡಬೇಡಿ.