ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?

[ದೃಶ್ಯ: ತೋಟದ ಮನೆಯ ಅಂಗಳ. ಮಳೆಮಾಪಕದ ನೀರನ್ನು ಒಂದು ಕೈ ಅಳತೆ ಗ್ಲಾಸಿಗೆ ಸುರಿಯುತ್ತಿದೆ.]

ನಮಸ್ಕಾರ. ಕೊಡಗಿನಲ್ಲಿ ಬೇಸಿಗೆ ಮಳೆ ಬಂದರೆ ಮೊದಲ ಫೋನ್ ಇದೇ: "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" 100 ಸೆಂಟ್ ಅಂದರೆ 1 ಇಂಚು. ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆದಿಟ್ಟ ಮನೆಗಳೂ ಇವೆ.

ಇಷ್ಟೊಂದು ಲೆಕ್ಕ ಯಾಕೆ? ಕಾಫಿ ಮೊಗ್ಗು ಒಣ ದಿನಗಳಲ್ಲಿ ನಿದ್ದೆಯಲ್ಲಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಇಂಚಿನಷ್ಟು ಹೂಮಳೆ ಬಿದ್ದರೆ ಎಚ್ಚರ. ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಘಮ. ಬರೀ 20 ಸೆಂಟ್ ಹನಿಸಿ ನಿಂತುಬಿಟ್ಟರೆ? ಮೊಗ್ಗು ಅರ್ಧಂಬರ್ಧ ಬಿರಿದು ಕರಟಿಹೋಗುತ್ತದೆ. ಅದಕ್ಕಿಂತ ಮಳೆ ಬಾರದಿದ್ದರೇ ವಾಸಿ.

[ದೃಶ್ಯ: ದೊಡ್ಡ ಮರ, ಕೊಂಬೆಯಡಿ ಸಾಲುಸಾಲು ಹೆಜ್ಜೇನು ತಟ್ಟಿ.]

ಇಲ್ಲೇ ಕಾಡು ಬರುತ್ತದೆ. ರೊಬಸ್ಟಾ ತಳಿಯ ಕಾಫಿ ಹೂವಿಗೆ ಪಕ್ಕದ ಗಿಡದ ಪರಾಗ ಬೇಕು. ಗಾಳಿ ಸ್ವಲ್ಪ ತರುತ್ತದೆ, ಜೇನು ಜಾಸ್ತಿ ತರುತ್ತದೆ. ಹೆಜ್ಜೇನಿಗೆ ಮುಗಿಲೆತ್ತರದ ಮರ ಬೇಕು. ಅಂಥವು ಉಳಿದಿರುವುದು ಕಾಡಿನಲ್ಲಿ, ಹಳೇ ನೆರಳಿನ ತೋಟಗಳಲ್ಲಿ, 1,200ಕ್ಕೂ ಹೆಚ್ಚಿರುವ ನಮ್ಮ ದೇವರಕಾಡುಗಳಲ್ಲಿ. ಮರ ಹೂ ಬಿಟ್ಟ ಹೊತ್ತಿಗೆ ದಿನಗಟ್ಟಲೆ ಮಳೆ ಹಿಡಿದರೆ ಜೇನು ಹೊರಗೆ ಹೋಗುವುದಿಲ್ಲ, ಕೂಡಿಟ್ಟ ತುಪ್ಪವನ್ನೇ ತಿಂದು ದಿನ ತಳ್ಳುತ್ತದೆ. ಆ ವರ್ಷ ತುಪ್ಪ ತೆಗೆಯಲು ಮರ ಹತ್ತಿದ ಜೇನುಕುರುಬ ಬುಡಕಟ್ಟಿನವರಿಗೆ ಸಿಗುವುದು ಹಗುರ ತಟ್ಟಿ.

ಮಳೆ ಕಮ್ಮಿಯಾಯಿತು ಅಂತಲ್ಲ, ಅದರ ಹೊತ್ತು ಕೆಟ್ಟಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡ ಜಾಸ್ತಿ ನೀರಾವಿ ಹಿಡಿಯುತ್ತದೆ. ಹಾಗಾಗಿ ಮಳೆ ಬಾರದೆ ಕಾಯಿಸುವಾಗ ತಿಂಗಳುಗಟ್ಟಲೆ, ಸುರಿಯುವಾಗ ಒಂದೇ ಸಮ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಮನೆ, ತೋಟ ಸಮೇತ ಜಾರಿದ್ದು ಮರೆತಿಲ್ಲ ಅಲ್ವಾ? ಹಾಗಂತ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಬೇಡಿ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ರಸ್ತೆ, ಹೋಂಸ್ಟೇ ಮಾಡಿದ್ದು, ನೀರು ಹರಿಯುವ ದಾರಿ ಮುಚ್ಚಿದ್ದು ನಾವೇ.

[ದೃಶ್ಯ: ಕಾಫಿ ಕೊಂಬೆಯ ಹತ್ತಿರದ ನೋಟ.]

ಈ ಕೊಂಬೆ ನೋಡಿ. ಜನವರಿ. ಹೊತ್ತಲ್ಲದ ಹೊತ್ತಿಗೆ ಮಳೆ ಬಿದ್ದು, ಕೆಂಪು ಹಣ್ಣು, ಪಕ್ಕದಲ್ಲೇ ಬಿಳಿ ಹೂವು. ಫೋಟೋಗೆ ಬಹಳ ಚೆಂದ. ಆದರೆ ಹಣ್ಣಿಗೆ ಕೈ ಹಾಕಿದರೆ ಮುಂದಿನ ವರ್ಷದ ಫಸಲು ಉದುರುತ್ತದೆ, ಬಿಟ್ಟರೆ ಈ ವರ್ಷದ ಹಣ್ಣು ಗಿಡದಲ್ಲೇ ಒಣಗುತ್ತದೆ. ಕೊಯ್ಲು ನಿಂತ ದಿನ ತೋಟದ ಲೈನ್‌ಮನೆಯಲ್ಲಿರುವ ಯರವ ಬುಡಕಟ್ಟಿನ ಕೆಲಸಗಾರರಿಗೆ ಕೂಲಿಯೂ ಇಲ್ಲ. ಕಣದಲ್ಲಿ ಹರಡಿದ ಕಾಫಿಯ ಮೇಲೆ ಟಾರ್ಪಾಲು ಎಳೆದು, ಎಲ್ಲರೂ ಮೋಡ ನೋಡುತ್ತಾ ಕೂತಿದ್ದಾರೆ.